ಚಿಲಕ ಮುರಿದ ಸುದ್ದಿ

(ಗುಳೇದಗುಡ್ಡದಲ್ಲಿ, ನಮ್ಮ ಕ್ರೈಸ್ತ ಸಭೆಯ ಓದುಗರ ಮುಂದೆ ಒಂದು ಶನಿವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸತ್ಯವೇದ ಅಂದರೆ ಬೈಬಲ್, ಬರವಣಿಗೆ, ದಿನದ ಬದುಕು, ಈ ಮೂರನ್ನೂ ಸೇರಿಸಿ ಮಾತಾಡಿ ಅಂತ ಕೇಳಿದ್ದೀರಿ. ವಿಷಯ ದೊಡ್ಡದು. ನಾನು ಒಂದು ಅಂಚೆ ಕಾರ್ಡಿನಿಂದ ಶುರು ಮಾಡುತ್ತೇನೆ. ಆಗ ಅದಕ್ಕೆ 15 ಪೈಸೆ.

ನಾನು ಆಗ ಏಳನೇ ಕ್ಲಾಸು. ನಮ್ಮ ಓಣಿ ಹೇಗಿತ್ತು ಅಂತ ಇಲ್ಲಿಯ ಹಿರಿಯರಿಗೆ ಗೊತ್ತು. ಬೆಳಗಾದರೆ ಮಗ್ಗದ ಸದ್ದು, ರಾತ್ರಿಯಾದರೂ ಮಗ್ಗದ ಸದ್ದು. ನಮ್ಮ ಮನೆಯಲ್ಲಿ ಅಪ್ಪ ಖಣ ನೇಯುತ್ತಿದ್ದರು. ಪಕ್ಕದ ಮನೆಯ ಕಾಕಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಜೀವನ ಮಾಡುತ್ತಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ, ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ಕಾಕಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಕಾಕಿಯ ಕಾರ್ಡು ಬರೆಯುವ ಕೆಲಸ ನನ್ನದಾಯಿತು.

ಮೊದಲ ಸಲ ಕಾಕಿ ಕಟ್ಟೆಯ ಮೇಲೆ ಕೂತು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಯವ್ವಾ, ಆಡು ಎರಡು ಮರಿ ಹಾಕೇತಿ ಅಂತ ಬರಿ. ಒಂದು ಕರೇದು, ಒಂದು ಬಿಳೇದು. ಬಾಗಲ ಚಿಲಕ ಮುರದೈತಿ. ರಾತ್ರಿ ಬಾಗಲಕ್ಕ ಕಲ್ಲು ಇಟ್ಟು ಮಲಗತೀನಿ ಅಂತ ಬರಿ."

ನಾನು ಏನು ಬರೆದೆ ಗೊತ್ತಾ? "ಚಿರಂಜೀವಿ ಮಗನಿಗೆ ತಾಯಿಯ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು. ಇಲ್ಲಿ ಮಳೆ ಬೆಳೆ ಚೆನ್ನಾಗಿದೆ." ಶಾಲೆಯಲ್ಲಿ ಪತ್ರ ಬರೆಯುವುದನ್ನು ಹಾಗೇ ಕಲಿಸಿದ್ದರು. ಆಡು, ಮರಿ, ಚಿಲಕ, ಕಲ್ಲು, ಇವೆಲ್ಲ ಪತ್ರದಲ್ಲಿ ಬರೆಯುವಂಥ ಮಾತು ಅಂತ ನನಗೆ ಅನ್ನಿಸಲೇ ಇಲ್ಲ. ಕಾಕಿಯ ಮಾತಿಗಿಂತ ಚೆಂದದ ಮಾತು ಬರೆದುಕೊಟ್ಟೆ ಅಂತ ಖುಷಿಯಾಗಿದ್ದೆ.

ದೀಪಾವಳಿಗೆ ಮಗ ಬಂದ. ಬಾಗಿಲ ಹಿಂದಿನ ಕಲ್ಲು ನೋಡಿದ. "ಇದನ್ನ ಯಾಕ ತಿಳಸಲಿಲ್ಲ?" ಅಂತ ಕೇಳಿದ. "ತಿಳಸೀನಲ್ಲೋ, ಮೂರು ತಿಂಗಳ ಹಿಂದ" ಅಂದರು ಕಾಕಿ. ಅವನು ಪೆಟ್ಟಿಗೆಯಿಂದ ಕಾರ್ಡು ತೆಗೆದ, ಓದಿದ. ಅದರಲ್ಲಿ ಆಡೂ ಇಲ್ಲ, ಚಿಲಕವೂ ಇಲ್ಲ. ಇಬ್ಬರೂ ನನ್ನ ಕಡೆ ನೋಡಿದರು.

ಕಾಕಿ ಬೈಯಲಿಲ್ಲ. ಆದರೆ ಮುಂದಿನ ಸಲ ಕಾರ್ಡು ತಂದಾಗ, ನಾನು ಬರೆದು ಮುಗಿಸಿದ ಮೇಲೆ, ಎದ್ದು ಹೋಗಲಿಲ್ಲ. "ಈಗ ಓದಿ ಹೇಳು" ಅಂದರು. ಅಲ್ಲಿಂದ ಮುಂದೆ ಪ್ರತಿ ಸಲವೂ ಓದಿಸಿದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ್ದೇನೆ. ಬರವಣಿಗೆಯ ಬಗ್ಗೆ ನನಗೆ ಸಿಕ್ಕ ದೊಡ್ಡ ಪಾಠ ಮಾತ್ರ ಆ ಮೂರು ಶಬ್ದದ್ದೇ.

ಮಗನಿಗೆ ಆ ತಾಯಿ ಹೇಳಬೇಕಾಗಿದ್ದದ್ದು ಏನು? ಮನೆಗೆ ಬಾ ಅಂತ. ಅದನ್ನು ನೇರವಾಗಿ ಹೇಳಲಾಗದೆ ಚಿಲಕದ ಸುದ್ದಿ ಹೇಳಿದ್ದರು. ನಾನು ಚಿಲಕ ತೆಗೆದುಹಾಕಿದೆ. ಕಾರ್ಡಿನಿಂದ ತಾಯಿಯೇ ಹೊರಗೆ ಹೋದರು.

ಇದನ್ನು ನೆನಪಿಟ್ಟುಕೊಂಡು ಈಗ ಸತ್ಯವೇದದ ಎಷ್ಟೋ ಪತ್ರಗಳನ್ನು ಬರೆದ ಅಪೊಸ್ತಲ ಪೌಲನ ಹತ್ತಿರ ಹೋಗೋಣ. ತಿಮೊಥೆಗೆ ಬರೆದ ಎರಡನೆಯ ಪತ್ರಿಕೆ, ನಾಲ್ಕನೆಯ ಅಧ್ಯಾಯ. ಪೌಲ ಸೆರೆಯಲ್ಲಿದ್ದಾನೆ. ವಯಸ್ಸಾಗಿದೆ. ತನ್ನ ಓಟ ಮುಗಿಯಿತು ಅನ್ನುವುದು ಅವನಿಗೆ ಗೊತ್ತು. ದೇಮ ಬಿಟ್ಟು ಹೋಗಿದ್ದಾನೆ. ಲೂಕ ಒಬ್ಬನೇ ಜೊತೆಗಿದ್ದಾನೆ. ಆಗ ಹದಿಮೂರನೆಯ ವಚನದಲ್ಲಿ ಏನು ಕೇಳುತ್ತಾನೆ ನೋಡಿ. ತ್ರೋವದಲ್ಲಿ ಕರ್ಪನ ಮನೆಯಲ್ಲಿ ನನ್ನ ಮೇಲಂಗಿ ಬಿಟ್ಟು ಬಂದಿದ್ದೇನೆ, ಬರುವಾಗ ತೆಗೆದುಕೊಂಡು ಬಾ. ಪುಸ್ತಕಗಳನ್ನೂ ತಾ, ಮುಖ್ಯವಾಗಿ ಆ ಚರ್ಮದ ಹಾಳೆಗಳನ್ನು. ಸ್ವಲ್ಪ ಕೆಳಗೆ ಇನ್ನೊಂದು ಮಾತು. ಚಳಿಗಾಲಕ್ಕೆ ಮುಂಚೆ ಬರಲು ನೋಡು.

ಮೇಲಂಗಿಯ ಮಾತೂ ಚಳಿಗಾಲದ ಮಾತೂ ಒಂದೇ. ಸೆರೆಮನೆಯ ಕಲ್ಲಿನ ಮೇಲೆ ಮಲಗುವ ಮುದುಕನಿಗೆ ಚಳಿ. ಇದು ಪೌಲನ ಚಿಲಕದ ಸುದ್ದಿ.

ಇದೇ ಪತ್ರಿಕೆಯ ಹಿಂದಿನ ಅಧ್ಯಾಯದಲ್ಲಿ, ಮೂರನೆಯ ಅಧ್ಯಾಯದ ಹದಿನಾರನೆಯ ವಚನದಲ್ಲಿ, ನಾವೆಲ್ಲ ಬಾಯಿಪಾಠ ಮಾಡಿದ ಮಾತಿದೆ. ಎಲ್ಲಾ ಶಾಸ್ತ್ರವೂ ದೇವರ ಪ್ರೇರಣೆಯಿಂದ ಬಂದದ್ದು ಎಂಬ ಮಾತು. ಆ ವಚನವನ್ನು ಗೋಡೆಗೆ ಬರೆಸುತ್ತೇವೆ, ಕ್ಯಾಲೆಂಡರಿಗೆ ಹಾಕುತ್ತೇವೆ. ಮೇಲಂಗಿ ತಾ ಅನ್ನುವುದನ್ನು ಯಾರೂ ಗೋಡೆಗೆ ಬರೆಸಿದ್ದನ್ನು ನಾನು ನೋಡಿಲ್ಲ. ಆದರೆ ಎರಡೂ ಒಂದೇ ಪತ್ರದಲ್ಲಿವೆ. ಒಂದು ಪುಟ ತಿರುವುವಷ್ಟು ದೂರ.

ಇದನ್ನು ಕೈಯಿಂದ ನಕಲು ಮಾಡಿದವರನ್ನು ನೆನೆಯಿರಿ. ಅಚ್ಚಿನ ಯಂತ್ರ ಬರುವ ತನಕ, ಸುಮಾರು 1,400 ವರ್ಷ, ಈ ಪತ್ರವನ್ನು ಯಾರಾದರೂ ಕೂತು ಕೈಯಿಂದಲೇ ಬರೆದು ಉಳಿಸಬೇಕಿತ್ತು. ಚರ್ಮದ ಹಾಳೆಗೆ ಬೆಲೆ ಜಾಸ್ತಿ. ಬೆರಳು ನೋಯುತ್ತಿತ್ತು, ದೀಪದ ಎಣ್ಣೆ ತೀರುತ್ತಿತ್ತು. ಈ ಮೇಲಂಗಿಯ ಸಾಲು ಬಿಟ್ಟರೆ ಏನು ಕೆಟ್ಟೀತು, ಇದರಲ್ಲಿ ಭಕ್ತಿ ಎಲ್ಲಿದೆ ಅಂತ ಯಾರಿಗಾದರೂ ಅನ್ನಿಸಿರಬಹುದು ಅಲ್ವಾ? ಆದರೂ ಸಾಲು ಉಳಿದುಬಂತು. ಏಳನೇ ಕ್ಲಾಸಿನ ನನಗೆ ಇಲ್ಲದ ವಿನಯ ಅವರಿಗಿತ್ತು.

ಇನ್ನೊಬ್ಬನನ್ನು ನಿಮಗೆ ಪರಿಚಯ ಮಾಡಿಸಬೇಕು. ತೆರ್ತ್ಯ. ಈ ಹೆಸರು ಎಷ್ಟು ಜನರಿಗೆ ನೆನಪಿದೆ? ರೋಮಾಪುರದವರಿಗೆ ಬರೆದ ಪತ್ರಿಕೆ ಪೌಲನದು ಅಂತ ಎಲ್ಲರಿಗೂ ಗೊತ್ತು. ಹದಿನಾರು ಅಧ್ಯಾಯ. ಕೊನೆಯ ಅಧ್ಯಾಯದ ಇಪ್ಪತ್ತೆರಡನೆಯ ವಚನದಲ್ಲಿ ಇದ್ದಕ್ಕಿದ್ದಂತೆ ಬೇರೆ ದನಿ ಕೇಳುತ್ತದೆ. ಈ ಪತ್ರಿಕೆಯನ್ನು ಕೈಯಿಂದ ಬರೆದ ತೆರ್ತ್ಯನೆಂಬ ನಾನು ಕರ್ತನಲ್ಲಿ ನಿಮಗೆ ವಂದನೆ ಹೇಳುತ್ತೇನೆ. ಅಷ್ಟೇ. ಮತ್ತೆ ಎಲ್ಲೂ ಅವನ ಸುದ್ದಿ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಆ ಹೆಸರಿಗೆ ಮೂರನೆಯವನು ಅಂತ ಅರ್ಥ. ಮರುವಚನದಲ್ಲಿಯೇ ಕ್ವರ್ತ ಅಂತ ಒಬ್ಬ ಬರುತ್ತಾನೆ. ಅಂದರೆ ನಾಲ್ಕನೆಯವನು. ಹೆಸರಿಡಲೂ ಯಾರೂ ಹೆಚ್ಚು ಯೋಚಿಸದ ಜನ.

ಹದಿನಾರು ಅಧ್ಯಾಯ ಇನ್ನೊಬ್ಬರ ಮಾತು ಬರೆದು, ತನಗಾಗಿ ಒಂದೇ ಸಾಲು ಇಟ್ಟುಕೊಂಡ ಮನುಷ್ಯ ಇವನು. ಆ ಸಾಲಿನಲ್ಲೂ ತನ್ನ ದೊಡ್ಡಸ್ತಿಕೆ ಹೇಳಲಿಲ್ಲ, ವಂದನೆ ಹೇಳಿದ. ಭಾನುವಾರದ ಪಾಠದಲ್ಲಿ ಹದಿನಾರನೆಯ ಅಧ್ಯಾಯ ಬಂದರೆ ಹೆಸರುಗಳ ಪಟ್ಟಿ ಅಂತ ಬೇಗ ಬೇಗ ಓದಿ ಮುಗಿಸುತ್ತೇವೆ. ಹಾಗೆ ಓದಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆ ಪಟ್ಟಿ ನಮ್ಮ ಓಣಿಯ ಹಾಗಿದೆ. ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ಅಲ್ಲಿದ್ದಾಳೆ. ಪೌಲನಿಗೂ ತಾಯಿಯ ಹಾಗಿದ್ದ ರೂಫನ ತಾಯಿ ಇದ್ದಾಳೆ. ಊರಿನ ಖಜಾನೆ ನೋಡುವ ಎರಸ್ತನೂ ಇದ್ದಾನೆ.

ಹಳೆಯ ಒಡಂಬಡಿಕೆಯಲ್ಲಿ ತೆರ್ತ್ಯನಿಗೊಬ್ಬ ಅಣ್ಣ ಇದ್ದಾನೆ. ಬಾರೂಕ. ಯೆರೆಮೀಯ ಪ್ರವಾದಿಯ ಮಾತನ್ನು ಬರೆದುಕೊಂಡವನು. ಯೆರೆಮೀಯನ ಪುಸ್ತಕದ ಮೂವತ್ತಾರನೆಯ ಅಧ್ಯಾಯವನ್ನು ಮನೆಗೆ ಹೋಗಿ ಪೂರ್ತಿ ಓದಿ. ಯೆರೆಮೀಯನಿಗೆ ದೇವಾಲಯಕ್ಕೆ ಹೋಗುವ ಹಾಗಿಲ್ಲ. ಬಾರೂಕ ಸುರುಳಿ ತೆಗೆದುಕೊಂಡು ಹೋಗಿ ಜನರ ಮುಂದೆ ಓದುತ್ತಾನೆ. ಅಧಿಕಾರಿಗಳು ಕರೆದು ಕೇಳುತ್ತಾರೆ, ಇದನ್ನೆಲ್ಲ ಹೇಗೆ ಬರೆದೆ ಅಂತ. ಅವನ ಉತ್ತರ ನನಗೆ ತುಂಬ ಇಷ್ಟ. ಅವನು ಬಾಯಿಂದ ಹೇಳುತ್ತಿದ್ದ, ನಾನು ಮಸಿಯಿಂದ ಬರೆಯುತ್ತಿದ್ದೆ. ಇಷ್ಟೇ. ಕಾಕಿ ನನ್ನಿಂದ ಕೇಳಿದ್ದೂ ಇಷ್ಟೇ ಆಗಿತ್ತು.

ಆಮೇಲೆ ಸುರುಳಿ ಅರಸನ ಹತ್ತಿರ ಹೋಗುತ್ತದೆ. ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಅಗ್ಗಿಷ್ಟಿಕೆ ಮುಂದೆ ಕೂತಿದ್ದಾನೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಕತ್ತರಿಸಿದ್ದು ಯಾವುದರಿಂದ? ಲೇಖಕರು ಇಟ್ಟುಕೊಳ್ಳುವ ಚೂರಿಯಿಂದ. ಬರೆಯುವವರ ಸಲಕರಣೆಯಿಂದಲೇ ಬರಹವನ್ನು ಸುಟ್ಟ. ನನಗೆ ಆ ಚೂರಿ ನೋಡಿದಾಗೆಲ್ಲ ನನ್ನ ದುಂಡನೆಯ ಅಕ್ಷರ ನೆನಪಾಗುತ್ತದೆ. ನಾನು ಕಾರ್ಡು ಸುಡಲಿಲ್ಲ, ನಿಜ. ಆದರೆ ಬರೆಯುವ ಕೈಯಿಂದಲೇ ಕಾಕಿಯ ಮಾತು ಕತ್ತರಿಸಿದೆ.

ಮುಂದೆ ಏನಾಯಿತು? ಯೆರೆಮೀಯ ಇನ್ನೊಂದು ಸುರುಳಿ ಕೊಟ್ಟ. ಬಾರೂಕ ಮತ್ತೆ ಮೊದಲಿನಿಂದ ಬರೆದ. ಸುಟ್ಟುಹೋದ ಎಲ್ಲ ಮಾತುಗಳ ಜೊತೆಗೆ ಅಂಥವೇ ಇನ್ನೂ ಎಷ್ಟೋ ಸೇರಿದವು ಅಂತ ಅಧ್ಯಾಯ ಮುಗಿಯುತ್ತದೆ. ಒಂದು ದಿನ ಪೂರ್ತಿ ಬರೆದದ್ದು ಹಾಳಾದಾಗ ಮರುದಿನ ಮತ್ತೆ ಅದೇ ಮಾತನ್ನು ಬರೆಯಲು ಕೂರುವುದು ಎಷ್ಟು ಕಷ್ಟ ಅಂತ ಬರೆಯುವವರಿಗೆ ಗೊತ್ತು. ಬಾರೂಕನಿಗೂ ಸಾಕಾಗಿತ್ತು. ನಲವತ್ತೈದನೆಯ ಅಧ್ಯಾಯ ಅವನೊಬ್ಬನಿಗಾಗಿಯೇ ಇದೆ, ಐದೇ ಐದು ವಚನ. ನರಳಿ ದಣಿದೆ, ವಿಶ್ರಾಂತಿ ಇಲ್ಲ ಅಂತ ಅವನು ಅಂದದ್ದನ್ನು ದೇವರು ಕೇಳಿಸಿಕೊಂಡರು. ಪ್ರವಾದಿಯ ಪುಸ್ತಕದಲ್ಲಿ ಗುಮಾಸ್ತನ ದಣಿವಿಗೂ ಒಂದು ಅಧ್ಯಾಯ!

ನಮ್ಮ ಕನ್ನಡದ ಸತ್ಯವೇದದ ಹಿಂದೆಯೂ ಇಂಥ ಕೈಗಳಿವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೂ ಬಂದರು. ಮೋಗ್ಲಿಂಗ್ ಅವರ ಹೆಸರು ಗೊತ್ತು, ಕಿಟೆಲ್ ಅವರ ಹೆಸರು ಎಲ್ಲರಿಗೂ ಗೊತ್ತು, 1894ರ ಆ ದೊಡ್ಡ ನಿಘಂಟಿನಿಂದ. ಆದರೆ ಇವರಿಗೆಲ್ಲ ಕನ್ನಡ ಕಲಿಸಿದವರು ಯಾರು? ಮುನ್ಷಿಗಳು. "ಸಾಹೇಬರೇ, ಹಾಗಲ್ಲ, ನಮ್ಮಲ್ಲಿ ಹೀಗೆ ಅಂತೀವಿ" ಅಂತ ತಿದ್ದುವ ಊರಿನ ಜನ ಪಕ್ಕದಲ್ಲಿ ಇಲ್ಲದಿದ್ದರೆ ದೂರದಿಂದ ಬಂದವರು ಒಂದು ಪುಟವನ್ನೂ ದಾಟಲು ಆಗುತ್ತಿರಲಿಲ್ಲ. ಮುಖಪುಟದಲ್ಲಿ ಅವರ ಹೆಸರಿಲ್ಲ. ತೆರ್ತ್ಯನಿಗೆ ಒಂದು ಸಾಲಾದರೂ ಸಿಕ್ಕಿತು.

ಐದು ರೊಟ್ಟಿ ಎರಡು ಮೀನಿನ ಕಥೆ ಕೇಳಿದಾಗ ಚಿಕ್ಕವಳಾದ ನಾನು ಆ ಹುಡುಗನ ಗಂಟಿನಲ್ಲಿ ಜೋಳದ ರೊಟ್ಟಿ ಇತ್ತು ಅಂತಲೇ ತಿಳಿದಿದ್ದೆ. ಯೋಹಾನ ಅದನ್ನು ಜವೆಗೋದಿಯ ರೊಟ್ಟಿ ಅಂತ ಬರೆದಿದ್ದಾನೆ ಅಂತ ಆಮೇಲೆ ಓದಿದೆ. ಆದರೂ ರೊಟ್ಟಿ ಎಂಬ ಒಂದು ಶಬ್ದ ಗಲಿಲಾಯವನ್ನು ನಮ್ಮ ಅಡುಗೆಮನೆಗೆ ತಂದಿತ್ತು. ಆ ಶಬ್ದ ಇಟ್ಟವರಿಗೆ ನನ್ನ ವಂದನೆ.

ನೆರೆಯ ವಿಜಯಪುರದ ಒಬ್ಬರನ್ನೂ ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಫ. ಗು. ಹಳಕಟ್ಟಿಯವರು. ವಕೀಲರಾಗಿದ್ದರು. ಊರೂರು ತಿರುಗಿ, ಮನೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ತಾಳೆಗರಿಗಳನ್ನು ಹುಡುಕಿ, ಶರಣರ ವಚನಗಳನ್ನು ಓದಿ, ಬರೆದು, ಅಚ್ಚಿಗೆ ತಂದರು. ವಚನಗಳ ಅವರ ಮೊದಲ ದೊಡ್ಡ ಸಂಗ್ರಹ ಬಂದದ್ದು 1923ರಲ್ಲಿ. ಅಚ್ಚಿನ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿದವರು ಅವರು. ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿದವಳು. ಆದರೆ ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ, ವಚನ ಕೇಳುತ್ತಲೇ ಬೆಳೆದವಳು. ತಾಳೆಗರಿ ನಕಲು ಮಾಡಿದ ಹೆಸರಿಲ್ಲದ ಕೈ, ಪೌಲನ ಮೇಲಂಗಿಯ ಸಾಲು ನಕಲು ಮಾಡಿದ ಕೈ, ಎರಡೂ ನನಗೆ ಒಂದೇ ಮನೆತನದವು.

ಈಗ ಅಪ್ಪನ ಒಂದು ವಿಷಯ. ಫಿಲೆಮೋನನಿಗೆ ಬರೆದ ಪತ್ರಿಕೆ ಸತ್ಯವೇದದಲ್ಲಿ ತುಂಬ ಸಣ್ಣದು, ಇಪ್ಪತ್ತೈದು ವಚನ. ಒನೇಸಿಮ ಎಂಬ ದಾಸ ಯಜಮಾನನ ಮನೆಯಿಂದ ಬಂದುಬಿಟ್ಟಿದ್ದಾನೆ. ಪೌಲ ಅವನನ್ನು ವಾಪಸ್ ಕಳಿಸುತ್ತ ಬರೆಯುತ್ತಾನೆ. ಇನ್ನು ಮುಂದೆ ದಾಸ ಅಂತ ಅಲ್ಲ, ಪ್ರಿಯ ತಮ್ಮ ಅಂತ ಸೇರಿಸಿಕೋ. ಅವನಿಂದ ನಿನಗೆ ನಷ್ಟ ಆಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು. ಆಮೇಲೆ ಬರುತ್ತದೆ ಹತ್ತೊಂಬತ್ತನೆಯ ವಚನ. ಪೌಲನಾದ ನಾನೇ ನನ್ನ ಸ್ವಂತ ಕೈಯಿಂದ ಬರೆದಿದ್ದೇನೆ, ನಾನೇ ಕೊಟ್ಟು ತೀರಿಸುತ್ತೇನೆ.

ಇದು ಜಾಮೀನು ಚೀಟಿ. ನೇಕಾರರ ಓಣಿಯಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನೂಲು ಉದ್ರಿ ತರುವುದು, ಮುಂಗಡ ತೆಗೆದುಕೊಳ್ಳುವುದು, ವಹಿಯಲ್ಲಿ ಬಾಕಿ ಬೆಳೆಯುವುದು ನಮ್ಮ ದಿನದ ಬದುಕಾಗಿತ್ತು. ನಮ್ಮ ಎದುರು ಮನೆಯವರು ಮಗಳ ಮದುವೆಗೆ ಸಾಲ ತೆಗೆದಾಗ ಅಪ್ಪ ಜಾಮೀನು ಸಹಿ ಹಾಕಿದರು. ಅವರಿಂದ ತೀರಿಸಲು ಆಗಲಿಲ್ಲ. ಎರಡು ವರ್ಷ ಅಪ್ಪ ತಮ್ಮ ಮಜೂರಿಯಿಂದ ಕಟ್ಟಿದರು. ಆ ಎರಡು ಕ್ರಿಸ್‌ಮಸ್‌ಗೆ ನಮಗೆ ಹೊಸ ಬಟ್ಟೆ ಇರಲಿಲ್ಲ. ಅವ್ವ ಒಂದು ರಾತ್ರಿ ಸಿಟ್ಟಿನಿಂದಲೇ ಕೇಳಿದರು, ಯಾಕೆ ಸಹಿ ಹಾಕಿದಿರಿ ಅಂತ. ಅಪ್ಪ ಮಾತಾಡಲಿಲ್ಲ. ಸತ್ಯವೇದ ತೆಗೆದು ಫಿಲೆಮೋನನ ಪುಟ ತೋರಿಸಿದರು. ಅವ್ವ ಓದಿದರು. "ಪೌಲನಿಗೆ ಮಕ್ಕಳಿರಲಿಲ್ಲ" ಅಂದರು.

ಅವ್ವ ಅಂದದ್ದೂ ಸರಿ. ಇವತ್ತಿಗೂ ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ವಚನವನ್ನು ಅಪ್ಪ ಸಹಿಯಿಂದ ಓದಿದರು, ಅವ್ವ ಹೊಸ ಬಟ್ಟೆ ಇಲ್ಲದ ಮಕ್ಕಳ ಮುಖ ನೋಡುತ್ತ ಓದಿದರು. ಇಬ್ಬರೂ ನಿಜವಾಗಿ ಓದಿದರು.

ಬರೆಯುವುದರ ಬಗ್ಗೆ ಇಷ್ಟು ಹೇಳಿದ ಮೇಲೆ ಬರೆಯದೆ ಬಿಡುವುದರ ಬಗ್ಗೆಯೂ ಎರಡು ಮಾತು. ಕಾಕಿ ಹೇಳುತ್ತ ಹೇಳುತ್ತ ಒಮ್ಮೊಮ್ಮೆ ಸುಮ್ಮನಾಗುತ್ತಿದ್ದರು. "ಇದನ್ನ ಬಿಡು. ಉಳಿದದ್ದು ನೀ ಬಂದಾಗ ಹೇಳತೀನಿ ಅಂತ ಬರಿ" ಅನ್ನುತ್ತಿದ್ದರು. ಎಷ್ಟೋ ವರ್ಷದ ಮೇಲೆ ಯೋಹಾನನ ಎರಡನೆಯ ಪತ್ರಿಕೆ ಓದುವಾಗ ಹನ್ನೆರಡನೆಯ ವಚನದಲ್ಲಿ ಕಾಕಿಯ ದನಿಯೇ ಕೇಳಿದ ಹಾಗಾಯಿತು. ಬರೆಯಬೇಕಾದದ್ದು ತುಂಬ ಇದೆ, ಆದರೆ ಕಾಗದ ಮಸಿಯಿಂದ ಬೇಡ, ನಾನೇ ಬಂದು ಎದುರುಬದುರು ಕೂತು ಮಾತಾಡುತ್ತೇನೆ. ಮೂರನೆಯ ಪತ್ರಿಕೆಯ ಕೊನೆಗೂ ಅದೇ ಮಾತಿದೆ.

ನಮ್ಮ ಕರ್ತನಾದ ಯೇಸು ಬರೆದದ್ದು ಸುವಾರ್ತೆಗಳಲ್ಲಿ ಒಂದೇ ಕಡೆ ಬರುತ್ತದೆ. ಯೋಹಾನ ಎಂಟನೆಯ ಅಧ್ಯಾಯ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಒಬ್ಬ ಹೆಂಗಸನ್ನು ಎಳೆದು ತಂದು ನಡುವೆ ನಿಲ್ಲಿಸಿದ್ದಾರೆ. ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆಯುತ್ತಾನೆ. ಎರಡು ಸಲ. ಏನು ಬರೆದ ಅಂತ ಸುವಾರ್ತೆ ಹೇಳುವುದಿಲ್ಲ. ಹಳೆಯ ಕೆಲವು ಕೈಬರಹದ ಪ್ರತಿಗಳಲ್ಲಿ ಈ ಕಥೆಯೇ ಇಲ್ಲ. ಯಾರೋ ಇದನ್ನು ಕಳೆದುಹೋಗದಂತೆ ಹಿಡಿದು ಇಟ್ಟರು. ನನಗೆ ಅನ್ನಿಸುವುದು ಇಷ್ಟು. ಅವಳ ತಪ್ಪನ್ನು ಹಿಡಿದು ತಂದವರು ಶಾಸ್ತ್ರಿಗಳು, ಬರಹ ಬಲ್ಲವರು. ಯೇಸು ಬರೆದದ್ದು ಉಸುಕಿನಲ್ಲಿ. ಸಂಜೆಯ ಹೊತ್ತಿಗೆ ಅದರ ಮೇಲೆ ಜನ ನಡೆದಿರುತ್ತಾರೆ, ಗಾಳಿ ಬೀಸಿರುತ್ತದೆ. ಆ ಹೆಂಗಸಿನ ಹೆಸರೂ ಎಲ್ಲೂ ಉಳಿಯಲಿಲ್ಲ. ಅವಳು ಮನೆಗೆ ಹೋದಳು.

ಓಣಿಯಲ್ಲಿ ಒಬ್ಬರ ಮನೆಯ ವಿಷಯ ಫೋನಿನಿಂದ ಫೋನಿಗೆ ಹರಿದಾಡುವಾಗ ಈ ಉಸುಕನ್ನು ನೆನೆಯಿರಿ.

ಫೋನಿನ ಮಾತು ಬಂತು. ಬೆಳಗಾದರೆ ಹೂವಿನ ಚಿತ್ರದ ಮೇಲೆ ವಚನ ಬರೆದದ್ದು ವಾಟ್ಸಾಪಿನಲ್ಲಿ ಬರುತ್ತದೆ. ನನಗೂ ಬರುತ್ತದೆ, ಕೆಲವು ನೀವೇ ಕಳಿಸಿದ್ದು. ಪ್ರೀತಿಯಿಂದಲೇ ಕಳಿಸುತ್ತೀರಿ, ನನಗೆ ಗೊತ್ತು. ಆದರೆ ಅದು ನನ್ನ ಏಳನೇ ಕ್ಲಾಸಿನ ಕಾರ್ಡಿನ ಹಾಗೆ. ನಾವೆಲ್ಲ ಕ್ಷೇಮ, ಮಳೆ ಬೆಳೆ ಚೆನ್ನಾಗಿದೆ. ವಚನದ ಕೆಳಗೆ ನಿಮ್ಮದೇ ಒಂದು ಸಾಲು ಸೇರಿಸಿ. ಮೊಣಕಾಲು ನೋವು ಜಾಸ್ತಿಯಾಗಿದೆ ಅಂತಲೋ, ಸೊಸೆ ಇವತ್ತು ಮಾತಾಡಿಸಿದಳು ಅಂತಲೋ, ಬೋರಿನ ನೀರು ನಿಂತಿತು ಅಂತಲೋ. ಪೌಲನ ಪತ್ರದಲ್ಲಿ ದೇವರ ಪ್ರೇರಣೆಯ ಮಾತೂ ಚಳಿಯ ಮಾತೂ ಜೊತೆಗೇ ಇದ್ದವಲ್ಲ. ನಮ್ಮ ಮೆಸೇಜಿನಲ್ಲೂ ಇರಲಿ. ನಮ್ಮ ಕನ್ನಡದಲ್ಲಿ ಹಾಸುಹೊಕ್ಕು ಅಂತ ಒಂದು ಮಾತಿದೆ. ಅದು ಮಗ್ಗದಿಂದಲೇ ಬಂದದ್ದು. ಬರೀ ಹಾಸು ಎಷ್ಟು ಉದ್ದ ಇದ್ದರೂ ಅದು ಇನ್ನೂ ನೂಲೇ. ಲಾಳಿ ಅಡ್ಡ ಓಡಿದ ಮೇಲೆ ಬಟ್ಟೆ.

ಇನ್ನು ಒಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ನಿವೃತ್ತಿಯಾದ ಮೇಲೆ ಬುಧವಾರ ಮಧ್ಯಾಹ್ನ ನಾನು ಸಭೆಯ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೇನೆ. ಬರೆಯಲು ಬಾರದವರು ಬರುತ್ತಾರೆ. ಎಲ್ಲ ಜಾತಿಯವರೂ ಬರುತ್ತಾರೆ. ವಿಧವಾ ವೇತನ ನಿಂತಿದೆ, ಗೃಹಲಕ್ಷ್ಮಿ ದುಡ್ಡು ಖಾತೆಗೆ ಬಂದಿಲ್ಲ, ರೇಷನ್ ಕಾರ್ಡಿನಲ್ಲಿ ಮಗನ ಹೆಸರು ತಪ್ಪಾಗಿದೆ, ಇಂಥ ಅರ್ಜಿಗಳೇ ಜಾಸ್ತಿ. ಕಾಗದ ಬರೆಸುವವರು ಈಗ ಇಲ್ಲ ಅಂತಲೇ ನಾನೂ ತಿಳಿದಿದ್ದೆ. ಮೊನ್ನೆ ಒಬ್ಬ ಅಜ್ಜಿ ಬಂದು, ಪುಣೆಯಲ್ಲಿರುವ ಮೊಮ್ಮಗಳಿಗೆ ಪತ್ರ ಬರೆಸಿದರು. ಫೋನಿನಲ್ಲಿ ಮಾತಾಡಬಹುದಲ್ಲ ಅಂದೆ. "ಫೋನಿನ್ಯಾಗ ಅಕಿ ಹೂಂ ಹೂಂ ಅಂತಾಳ. ಕಾಗದ ಆದರ ಇಟ್ಕೋತಾಳ" ಅಂದರು.

ಮೊದಲು ಹತ್ತಿಪ್ಪತ್ತು ನಿಮಿಷದ ಕೆಲಸವಿತ್ತು. ಈಗ ಸಂಜೆಯವರೆಗೂ ಸಾಲು ಇರುತ್ತದೆ. ನನ್ನ ಕಣ್ಣು ಮೊದಲಿನ ಹಾಗಿಲ್ಲ. ಇನ್ನಿಬ್ಬರು ಬೇಕು. ದೊಡ್ಡ ಓದು ಬೇಕಿಲ್ಲ, ಅಕ್ಷರ ಬಿಡಿಸಿ ಬರೆದರೆ ಸಾಕು, ಹತ್ತನೇ ಕ್ಲಾಸಿನ ಮಕ್ಕಳಾದರೂ ಆಗಬಹುದು. ಅವರು ಹೇಳಿದ್ದನ್ನು ಬರೆಯಬೇಕು. ಬರೆದ ಮೇಲೆ ಓದಿ ಹೇಳಬೇಕು. ಮೂರು ಗಂಟೆಗೆ ಬನ್ನಿ. ನೀಲಿ ಶಾಯಿಯ ಪೆನ್ನು ನೀವೇ ತನ್ನಿ. ಹೆಬ್ಬೆಟ್ಟಿಗೆ ಮಸಿ ಪ್ಯಾಡು ನನ್ನ ಹತ್ತಿರ ಇದೆ.